ನೊರೆ ಇಳಿದ ಮೇಲೆ ಗ್ಲಾಸಿನಲ್ಲಿ ಉಳಿಯುವ ಲೆಕ್ಕ

ಮಾತ್ರೆ ನೀರಿಗೆ ಬಿದ್ದ ಕೂಡಲೇ ಸುಯ್ಯೆಂದು ಗುಳ್ಳೆ ಏಳುತ್ತದೆ. ತಳಕ್ಕೆ ಹೋದದ್ದು ಮೇಲೆ ಬರುತ್ತದೆ, ಗಿರಗಿರ ತಿರುಗುತ್ತದೆ, ತೆಳ್ಳಗಾಗುತ್ತಾ ಮಾಯವಾಗುತ್ತದೆ. ಉಳಿಯುವುದು ಕಿತ್ತಳೆ ಬಣ್ಣದ, ಸ್ವಲ್ಪ ಹುಳಿ ಸ್ವಲ್ಪ ಸಿಹಿಯ ನೀರು. ಕುಡಿದರೆ ಔಷಧಿ ಅನ್ನಿಸುವುದೇ ಇಲ್ಲ. ಕ್ಯಾಲ್ಸಿಯಂ ಮತ್ತು ವಿಟಮಿನ್ ಸಿ ಸೇರಿಸಿದ ಮಾತ್ರೆಗಳನ್ನು ಜನ ಇಷ್ಟಪಡುವುದು ಇದಕ್ಕೇ. ಲೆಕ್ಕ ತಪ್ಪುವುದೂ ಇಲ್ಲೇ. ಮಾತ್ರೆ ನುಂಗುವವರು ಎಷ್ಟು ನುಂಗಿದೆ ಅಂತ ನೆನಪಿಟ್ಟುಕೊಳ್ಳುತ್ತಾರೆ. ಶರಬತ್ತು ಕುಡಿಯುವವರು ಗ್ಲಾಸು ಎಣಿಸುತ್ತಾರಾ?

ನಾನೂ ಒಂದು ಬೇಸಿಗೆಯಲ್ಲಿ ದಿನಕ್ಕೆ ಮೂರು ಗ್ಲಾಸು ಕುಡಿದಿದ್ದೇನೆ. ಸುಮ್ನೆ, ರುಚಿಗೆ. ಹೊಟ್ಟೆ ಕೆಟ್ಟು ಎರಡು ದಿನ ಒದ್ದಾಡಿದ ಮೇಲೆ ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಕಾರಣ ಅಲ್ಲೇ ಇತ್ತು.

ಕ್ಯಾಲ್ಸಿಯಂ, ವಿಟಮಿನ್ ಸಿ ಎರಡನ್ನೂ ಒಟ್ಟಿಗೆ ತಗೊಂಡರೆ ಏನಾದರೂ ಆಗುತ್ತಾ ಅನ್ನುವುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಇಲ್ಲ, ಅವೆರಡು ಜಗಳವಾಡುವುದಿಲ್ಲ. ಹೊಟ್ಟೆಯಲ್ಲಿ ಸೇರಿ ವಿಷವಾಗುವುದಿಲ್ಲ, ಒಂದು ಇನ್ನೊಂದರ ಕೆಲಸ ಕೆಡಿಸುವುದೂ ಇಲ್ಲ. ಆರೋಗ್ಯವಾಗಿರುವ ದೊಡ್ಡವರು ದಿನಕ್ಕೊಂದು ಮಾತ್ರೆಯಂತೆ ಕೆಲವು ವಾರ ತಗೊಂಡರೆ ಹೆದರುವಂಥದ್ದೇನೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಎಷ್ಟು, ಯಾವಾಗ, ಇನ್ನಾವ ಮಾತ್ರೆಯ ಜೊತೆ, ಮತ್ತು ಯಾರ ಕಿಡ್ನಿಗೆ?

ಮೊದಲು ಅಳತೆ ನೋಡೋಣ. ಇಂಥ ಎಷ್ಟೋ ಮಾತ್ರೆಗಳಲ್ಲಿ ವಿಟಮಿನ್ ಸಿ 1000 ಮಿ.ಗ್ರಾಂ ಇರುತ್ತದೆ, ಕ್ಯಾಲ್ಸಿಯಂ 250 ಮಿ.ಗ್ರಾಂ ಆಸುಪಾಸು. ಈಗ ದೇಹ ಕೇಳುವುದೇನು? ಅಮೆರಿಕದ ಪೋಷಣಾ ಮಾನದಂಡದ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಐವತ್ತು ದಾಟಿದ ಹೆಂಗಸರಿಗೆ 1200. ವಿಟಮಿನ್ ಸಿ ಗಂಡಸರಿಗೆ 90, ಹೆಂಗಸರಿಗೆ 75. ಸಿಗರೇಟು ಸೇದುವವರಿಗೆ ಇನ್ನೊಂದು 35 ಸೇರಿಸಬೇಕು. ಅಂದರೆ ದೇಹಕ್ಕೆ ಸಿಗಿಂತ ಹತ್ತು ಪಟ್ಟು ಜಾಸ್ತಿ ಕ್ಯಾಲ್ಸಿಯಂ ಬೇಕು. ಮಾತ್ರೆಯಲ್ಲಿ ಇರುವುದು ಕ್ಯಾಲ್ಸಿಯಂನ ನಾಲ್ಕು ಪಟ್ಟು ಸಿ. ಪೂರ್ತಿ ಉಲ್ಟಾ.

ನನ್ನ ಮಟ್ಟಿಗೆ ಇದೇ ಈ ಮಾತ್ರೆಗಳ ಮುಖ್ಯ ಸಮಸ್ಯೆ. ಮೂಳೆಗೆ ಒಳ್ಳೇದು ಅಂತ ಇದನ್ನು ಕೊಂಡವರು ದಿನದ ಕ್ಯಾಲ್ಸಿಯಂ ಪೂರ್ತಿ ಇದರಿಂದಲೇ ಪಡೆಯಲು ಹೊರಟರೆ ನಾಲ್ಕು ಮಾತ್ರೆ ಬೇಕು. ಜೊತೆಗೆ 4000 ಮಿ.ಗ್ರಾಂ ಸಿ ಒಳಗೆ ಹೋಗುತ್ತದೆ. ವಯಸ್ಕರಿಗೆ ಸಿಯ ಮೇಲಿನ ಮಿತಿ ದಿನಕ್ಕೆ 2000. ಆ ಮಿತಿ ಹಾಕಿರುವುದೇ ಭೇದಿಯ ಕಾರಣಕ್ಕೆ. ಹೀರಿಕೊಳ್ಳಲಾಗದ ಸಿ ಕರುಳಿನಲ್ಲಿ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ಆ ಬೇಸಿಗೆಯಲ್ಲಿ ನನಗೆ ಆದದ್ದು ಅದೇ.

ಹೀರಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ದಿನಕ್ಕೆ 30ರಿಂದ 180 ಮಿ.ಗ್ರಾಂವರೆಗೆ ತಗೊಂಡರೆ ಶೇ. 70ರಿಂದ 90ರಷ್ಟು ಸಿ ರಕ್ತ ಸೇರುತ್ತದೆ. ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ. ರಕ್ತ ಸೇರಿದ್ದರಲ್ಲೂ ಹೆಚ್ಚಾದದ್ದನ್ನು ಕಿಡ್ನಿ ಮೂತ್ರಕ್ಕೆ ಬಿಟ್ಟುಬಿಡುತ್ತದೆ. ಸಾವಿರ ಅನ್ನುವ ಅಂಕಿ ಡಬ್ಬಿಯ ಮೇಲೆ ದಪ್ಪಗೆ ಕಾಣುತ್ತದೆ, ನಿಜ. ದೇಹದಲ್ಲಿ ಅದು ಅಷ್ಟು ದಪ್ಪಗೆ ಉಳಿಯುವುದಿಲ್ಲ.

ಕ್ಯಾಲ್ಸಿಯಂ ಅಂಕಿಯಲ್ಲಿ ಇನ್ನೊಂದು ಮೋಸ ಇದೆ. ಮೋಸ ಅನ್ನುವುದು ಜಾಸ್ತಿ ಆಯಿತೇನೋ, ಗೊಂದಲ ಅನ್ನೋಣ. ಕ್ಯಾಲ್ಸಿಯಂ ಒಂಟಿಯಾಗಿ ಮಾತ್ರೆಯಲ್ಲಿ ಇರುವುದಿಲ್ಲ, ಯಾವುದೋ ಲವಣದ ರೂಪದಲ್ಲಿ ಇರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ತೂಕದ ಶೇ. 40 ಮಾತ್ರ ಕ್ಯಾಲ್ಸಿಯಂ. ಸಿಟ್ರೇಟ್ ಆದರೆ ಶೇ. 21. ಲ್ಯಾಕ್ಟೇಟ್ 13, ಗ್ಲುಕೊನೇಟ್ ಬರೀ 9. 1250 ಮಿ.ಗ್ರಾಂ ಕಾರ್ಬೊನೇಟ್ ಅಂದರೆ 500 ಮಿ.ಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಆಸ್ಕಾರ್ಬೇಟ್ ಅಂತ ಒಂದಿದೆ. ಹುಳಿಯಿಲ್ಲದ, ಹೊಟ್ಟೆ ಉರಿಸದ ವಿಟಮಿನ್ ಸಿ ಅಂತ ಮಾರುತ್ತಾರಲ್ಲ, ಅದು. ಅದರ 1000 ಮಿ.ಗ್ರಾಂನಲ್ಲಿ ಕ್ಯಾಲ್ಸಿಯಂ 100 ಮಿ.ಗ್ರಾಂ ಆಸುಪಾಸು, ಉಳಿದದ್ದು ಹೆಚ್ಚುಕಡಿಮೆ ಸಿ. ಹೆಸರಿನಲ್ಲಿ ಕ್ಯಾಲ್ಸಿಯಂ ಮುಂದೆ ಇದೆ ಅಂತ ಅದನ್ನು ಮೂಳೆಯ ಮಾತ್ರೆ ಅಂದುಕೊಂಡರೆ ಆಗುವುದಿಲ್ಲ. ಲೇಬಲ್ಲಿನಲ್ಲಿ ಲವಣದ ತೂಕವಲ್ಲ, 'ಎಲಿಮೆಂಟಲ್ ಕ್ಯಾಲ್ಸಿಯಂ' ಎಷ್ಟು ಅನ್ನುವುದನ್ನು ಹುಡುಕಬೇಕು. ಲೆಕ್ಕಕ್ಕೆ ಬರುವುದು ಅದೊಂದೇ.

ಹಾಗಾದರೆ ಇವೆರಡನ್ನು ಸೇರಿಸಿದ್ದಾದರೂ ಯಾಕೆ? ಮೂಳೆ ಅಂದರೆ ಬರೀ ಸುಣ್ಣವಲ್ಲ. ಅದರ ಒಳಗೆ ಕೊಲಾಜೆನ್ ಎಂಬ ಪ್ರೋಟೀನಿನ ಹೆಣಿಗೆ ಇದೆ. ಕ್ಯಾಲ್ಸಿಯಂ ಕೂರುವುದು ಆ ಹೆಣಿಗೆಯ ಮೇಲೆ. ಕೊಲಾಜೆನ್ ಗಟ್ಟಿಯಾಗಲು ವಿಟಮಿನ್ ಸಿ ಬೇಕೇ ಬೇಕು. ಸಿ ಪೂರಾ ಇಲ್ಲದಾಗ ಬರುವ ಸ್ಕರ್ವಿಯಲ್ಲಿ ವಸಡು ರಕ್ತ ಸೋರುವುದು, ಹಳೆಯ ಗಾಯ ಬಿಚ್ಚಿಕೊಳ್ಳುವುದು ಇದಕ್ಕೇ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಬೇರೆ ಮಾಡಿ, ಕಿತ್ತಳೆ ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡದ್ದನ್ನು ನೋಡಿದ್ದ. ಆದರೆ ಸ್ಕರ್ವಿ ತಡೆಯಲು ದಿನಕ್ಕೆ ಹತ್ತು ಮಿ.ಗ್ರಾಂ ಆಸುಪಾಸು ಸಾಕು. ಊಟದಲ್ಲಿ ಹಣ್ಣು, ತರಕಾರಿ ಇರುವವರ ಮೂಳೆಗೆ ಸಾವಿರ ಮಿ.ಗ್ರಾಂ ಸುರಿದರೆ ಅದು ಹತ್ತು ಪಟ್ಟು ಗಟ್ಟಿಯಾಗುವುದಿಲ್ಲ. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಹೋಗಲು ನಿಜವಾಗಿ ಕೈಹಿಡಿಯುವುದು ವಿಟಮಿನ್ ಡಿ. ಸಿ ಕೈಹಿಡಿಯುವುದು ಕಬ್ಬಿಣಕ್ಕೆ. ಡಿ ಇಲ್ಲದ, ಬರೀ ಸಿ ಇರುವ ಮಾತ್ರೆಯನ್ನು ಮೂಳೆಗೆ ಅಂತ ಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು, ಅಲ್ವಾ?

ನೆಗಡಿಯ ಮಾತು ಬೇಗ ಮುಗಿಸುತ್ತೇನೆ. ವಿಟಮಿನ್ ಸಿ ನೆಗಡಿ ತಡೆಯುತ್ತದೆ ಅನ್ನುವ ನಂಬಿಕೆಗೆ 1970ರಲ್ಲಿ ದೊಡ್ಡ ದನಿ ಕೊಟ್ಟವರು ಎರಡು ನೊಬೆಲ್ ಗೆದ್ದಿದ್ದ ಲೈನಸ್ ಪಾಲಿಂಗ್. ಆಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ 2013ರ ವಿಮರ್ಶೆ ಹೇಳಿದ್ದಿಷ್ಟು. ದಿನಾ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಸುಮಾರು ಶೇ. 8ರಷ್ಟು, ಮಕ್ಕಳಲ್ಲಿ ಶೇ. 14ರಷ್ಟು ಬೇಗ ಹೋಯಿತು. ಮೂಗು ಸೋರಲು ಶುರುವಾದ ಮೇಲೆ ತಗೊಂಡವರಿಗೆ ಪಕ್ಕಾ ಲಾಭ ಕಾಣಲಿಲ್ಲ. ಮ್ಯಾರಥಾನ್ ಓಡುವವರು, ಕೊರೆಯುವ ಚಳಿಯಲ್ಲಿ ತರಬೇತಿ ಪಡೆಯುವ ಸೈನಿಕರು, ಇಂಥವರಲ್ಲಿ ಮಾತ್ರ ನೆಗಡಿ ಅರ್ಧಕ್ಕೆ ಇಳಿಯಿತು.

ಈಗ ಕಿಡ್ನಿ ಕಲ್ಲಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಯಾಕೆಂದರೆ ಎಲ್ಲರೂ ಅರ್ಧ ಸರಿ, ಅರ್ಧ ತಪ್ಪು ತಿಳಿದುಕೊಂಡಿರುವುದು ಇಲ್ಲೇ.

ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್, ಅಂದರೆ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಎಂಬ ವಸ್ತು ಸೇರಿ ಆದವು. ದೇಹ ವಿಟಮಿನ್ ಸಿಯ ಒಂದು ಭಾಗವನ್ನು ಒಡೆದಾಗ ಆಕ್ಸಲೇಟ್ ಹುಟ್ಟುತ್ತದೆ. ಅಂದರೆ ಒಂದೇ ಗ್ಲಾಸಿನಲ್ಲಿ ಕಲ್ಲಿನ ಎರಡೂ ಕಚ್ಚಾ ಸಾಮಾನು ಇವೆ. ಓದಿದರೆ ಗಾಬರಿಯಾಗುತ್ತದೆ. ಸ್ವೀಡನ್ನಿನಲ್ಲಿ 23,355 ಗಂಡಸರನ್ನು ಹನ್ನೊಂದು ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ವಿಟಮಿನ್ ಸಿ ಮಾತ್ರೆ ತಗೊಳ್ಳುತ್ತಿದ್ದ 907 ಜನರಲ್ಲಿ 31 ಮಂದಿಗೆ ಕಲ್ಲಾಯಿತು, ಅಂದರೆ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ತಗೊಳ್ಳದವರಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಎರಡು ಪಟ್ಟು ಅಪಾಯ. ಆದರೂ ತಗೊಂಡವರಲ್ಲಿ ನೂರಕ್ಕೆ ತೊಂಬತ್ತಾರು ಮಂದಿಗೆ ಏನೂ ಆಗಲಿಲ್ಲ ಅನ್ನುವುದೂ ಅದೇ ಅಂಕಿಯೊಳಗೆ ಇದೆ. ಹೆಂಗಸರಲ್ಲಿ ಇಂಥ ನಂಟು ಸ್ಪಷ್ಟವಾಗಿ ಕಂಡಿಲ್ಲ.

ಕ್ಯಾಲ್ಸಿಯಂ ಕಥೆ ಇನ್ನೂ ಸ್ವಾರಸ್ಯ. ಕಲ್ಲಾದವರಿಗೆ ಹಿಂದೆಲ್ಲ ಹಾಲು ಬಿಡಿ ಅನ್ನುತ್ತಿದ್ದರು. 1993ರಲ್ಲಿ ಅಮೆರಿಕದಲ್ಲಿ ನಲವತ್ತೈದು ಸಾವಿರ ಗಂಡಸರ ಮೇಲೆ ಮಾಡಿದ ಅಧ್ಯಯನ ಈ ಮಾತನ್ನು ತಲೆಕೆಳಗು ಮಾಡಿತು. ಊಟದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದವರಿಗೇ ಕಲ್ಲು ಕಡಿಮೆ! ನಾಲ್ಕು ವರ್ಷದ ನಂತರ ಹೆಂಗಸರಲ್ಲಿ ನೋಡಿದಾಗಲೂ ಅದೇ ಕಂಡಿತು. ಆದರೆ ಕ್ಯಾಲ್ಸಿಯಂ ಮಾತ್ರೆ ತಗೊಳ್ಳುತ್ತಿದ್ದ ಹೆಂಗಸರಲ್ಲಿ ಅಪಾಯ ಶೇ. 20ರಷ್ಟು ಹೆಚ್ಚಿತ್ತು. ಅದೇ ಕ್ಯಾಲ್ಸಿಯಂ. ಊಟದಲ್ಲಿ ಬಂದರೆ ಕಾಯುತ್ತದೆ, ಮಾತ್ರೆಯಲ್ಲಿ ಬಂದರೆ ಕಾಡುತ್ತದೆ. ಹೇಗೆ?

ಸಂಶೋಧಕರು ಕೊಟ್ಟ ವಿವರಣೆ ಸಮಯದ್ದು. ಊಟದ ಜೊತೆ ಕ್ಯಾಲ್ಸಿಯಂ ಇದ್ದರೆ ಅದು ಊಟದಲ್ಲಿರುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಎರಡೂ ಸೇರಿ ಮಲದಲ್ಲಿ ಹೋಗಿಬಿಡುತ್ತವೆ, ಕಿಡ್ನಿವರೆಗೆ ಬರುವುದೇ ಇಲ್ಲ. ಖಾಲಿ ಹೊಟ್ಟೆಯಲ್ಲಿ, ಎರಡು ಊಟದ ನಡುವೆ ಕ್ಯಾಲ್ಸಿಯಂ ಬಂದರೆ ಹಿಡಿಯಲು ಆಕ್ಸಲೇಟ್ ಸಿಗುವುದಿಲ್ಲ. ಅದು ಸೀದಾ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಹೋಗುತ್ತದೆ. ಈಗ ನೊರೆಯ ಗ್ಲಾಸನ್ನು ಜನ ಯಾವಾಗ ಕುಡಿಯುತ್ತಾರೆ ನೋಡಿ. ಬೆಳಗ್ಗೆ ಎದ್ದ ಕೂಡಲೇ, ಇಲ್ಲಾ ಮಧ್ಯಾಹ್ನ ದಣಿವಾದಾಗ. ಊಟದ ಜೊತೆ ಯಾರೂ ಕುಡಿಯುವುದಿಲ್ಲ. ಹಾಗಾಗಿ ನನ್ನ ಸಲಹೆ ಸರಳ: ಕುಡಿಯುವುದೇ ಆದರೆ ಊಟದ ಜೊತೆ, ದಿನಕ್ಕೆ ಒಂದು, ಉಳಿದ ಹೊತ್ತು ಬರೀ ನೀರು ಚೆನ್ನಾಗಿ. ಕಲ್ಲು ಒಮ್ಮೆ ಆಗಿದ್ದವರು, ಕಿಡ್ನಿ ಕೆಲಸ ಕುಗ್ಗಿದವರು ಮಾತ್ರ ವೈದ್ಯರು ಹೇಳದೆ ಸಾವಿರ ಮಿ.ಗ್ರಾಂ ಸಿಯ ಹತ್ತಿರ ಹೋಗಲೇಬಾರದು.

ಊಟದ ಜೊತೆ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಆಮ್ಲ ಜಾಸ್ತಿ ಸುರಿಯುವುದು ಊಟ ಬಿದ್ದಾಗ. ಆಮ್ಲ ತಗ್ಗಿಸುವ ಮಾತ್ರೆ ದಿನಾ ನುಂಗುವವರಿಗೆ ಕಾರ್ಬೊನೇಟ್ ಸರಿಯಾಗಿ ಹತ್ತುವುದಿಲ್ಲ, ಅವರಿಗೆ ಸಿಟ್ರೇಟ್ ಮೇಲು. ನೊರೆಯ ಮಾತ್ರೆಯಲ್ಲಿ ಒಂದು ಅನುಕೂಲ ಇದೆ, ಒಪ್ಪಬೇಕು. ಅದರಲ್ಲಿರುವ ಸಿಟ್ರಿಕ್ ಆಮ್ಲ ಮತ್ತು ಕಾರ್ಬೊನೇಟ್ ಗ್ಲಾಸಿನಲ್ಲೇ ಕೂಡಿಕೊಳ್ಳುತ್ತವೆ. ಮೇಲೇಳುವ ಗುಳ್ಳೆ ಆ ಕೂಡಿಕೆಯ ಇಂಗಾಲದ ಡೈಆಕ್ಸೈಡ್. ಹೊಟ್ಟೆ ಮಾಡಬೇಕಾದ ಕೆಲಸ ಅರ್ಧ ಗ್ಲಾಸಿನಲ್ಲೇ ಮುಗಿದಿರುತ್ತದೆ. ಅದಕ್ಕೇ ಪೂರ್ತಿ ಕರಗುವವರೆಗೆ ಕಾಯಬೇಕು. ಚೂರನ್ನು ಬಾಯಿಗೆ ಹಾಕಿಕೊಳ್ಳುವುದು, ಇಡೀ ಮಾತ್ರೆ ನುಂಗುವುದು ಅಪಾಯ. ಅದು ಗಂಟಲಲ್ಲೇ ನೊರೆ ಬರಿಸುತ್ತದೆ.

ಇನ್ನು ಪ್ರಮಾಣ. ಒಂದು ಸಲಕ್ಕೆ 500 ಮಿ.ಗ್ರಾಂವರೆಗಿನ ಕ್ಯಾಲ್ಸಿಯಂ ಚೆನ್ನಾಗಿ ಹತ್ತುತ್ತದೆ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಎರಡು ಊಟಕ್ಕೆ ಹಂಚಬೇಕು. ಐವತ್ತರವರೆಗೆ ಒಟ್ಟು ಮಿತಿ ದಿನಕ್ಕೆ 2500, ಐವತ್ತು ದಾಟಿದರೆ 2000. ಇದು ಊಟ, ಮಾತ್ರೆ ಎಲ್ಲ ಸೇರಿ. ಒಂದು ದೊಡ್ಡ ಲೋಟ ಹಾಲಿನಲ್ಲೇ 300 ಮಿ.ಗ್ರಾಂ ಆಸುಪಾಸು ಇರುತ್ತದೆ. ಎದೆಯುರಿಗೆ ಅಗಿಯುವ ಎಷ್ಟೋ ಮಾತ್ರೆಗಳೂ ಕ್ಯಾಲ್ಸಿಯಂ ಕಾರ್ಬೊನೇಟೇ. ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಿಡಿಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಕಥೆಯೊಂದಿದೆ. 1915ರಲ್ಲಿ ಷಿಕಾಗೋದ ವೈದ್ಯ ಬರ್ಟ್ರಾಮ್ ಸಿಪ್ಪಿ ಹೊಟ್ಟೆಹುಣ್ಣಿಗೆ ಗಂಟೆಗಂಟೆಗೆ ಹಾಲು, ಕೆನೆ, ಜೊತೆಗೆ ಕ್ಷಾರದ ಪುಡಿ ಕೊಡುವ ಚಿಕಿತ್ಸೆ ಹೇಳಿದ. ಹುಣ್ಣಿನ ನೋವು ಇಳಿಯಿತು. ಆದರೆ ಕೆಲವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿತು, ರಕ್ತ ಕ್ಷಾರವಾಯಿತು, ಕಿಡ್ನಿ ಸೋತಿತು. ಹುಣ್ಣಿಗೆ ಬೇರೆ ಔಷಧಿ ಬಂದ ಮೇಲೆ ಈ ಕಾಯಿಲೆ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಈಗ ಮತ್ತೆ ಕಾಣಿಸಿಕೊಳ್ಳುತ್ತಿದೆ, ಈ ಸಲ ಮೂಳೆಗೆಂದು ಕ್ಯಾಲ್ಸಿಯಂ ಕಾರ್ಬೊನೇಟ್ ನುಂಗುವವರಲ್ಲಿ. ಬಿಪಿಗೆ ಥಯಾಜೈಡ್ ಬಗೆಯ ಮೂತ್ರದ ಮಾತ್ರೆ ತಗೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು, ಆ ಮಾತ್ರೆ ಕ್ಯಾಲ್ಸಿಯಂ ಹೊರಹೋಗದಂತೆ ತಡೆಯುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಬಿಡದ ಮಲಬದ್ಧತೆ, ವಾಕರಿಕೆ, ಮಂಕು ಕವಿದ ಹಾಗೆ ಆಗುವುದು, ಇವು ಕಂಡರೆ ಮಾತ್ರೆ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಇನ್ನೊಂದು ಕಡೆ ಜನ ಎಡವುವುದು ಬೇರೆ ಮಾತ್ರೆಗಳ ಜೊತೆಗೆ. ನಮ್ಮ ಚಿಕ್ಕಮ್ಮನ ಕಥೆ ಹೇಳುತ್ತೇನೆ. ಅವರಿಗೆ ವರ್ಷಗಳಿಂದ ಥೈರಾಯ್ಡ್. ಬೆಳಗ್ಗೆ ಎದ್ದು ಅದರ ಔಷಧಿ ಲೆವೊಥೈರಾಕ್ಸಿನ್ ನುಂಗುತ್ತಿದ್ದರು. ಮಂಡಿನೋವು ಶುರುವಾದ ಮೇಲೆ ಯಾರೋ ಹೇಳಿದರು ಅಂತ ನೊರೆಯ ಕ್ಯಾಲ್ಸಿಯಂ ತಂದರು. ಮಾತ್ರೆ ನುಂಗಲು ಹೇಗೂ ನೀರು ಬೇಕಲ್ಲ, ಅದೇ ಕಿತ್ತಳೆ ನೀರಿನಲ್ಲೇ ನುಂಗತೊಡಗಿದರು. ಮೂರು ತಿಂಗಳಿಗೆ ಟಿಎಸ್‌ಎಚ್ ಏರಿತು. ಥೈರಾಯ್ಡ್ ಔಷಧಿ ಸಾಲದಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನು ಅದು. ಡೋಸ್ ಹೆಚ್ಚಿಸಿದರು. ಮತ್ತೆ ಏರಿತು. ಕೊನೆಗೆ ಡಾಕ್ಟರು ಕೇಳಿದರು:

"ಅಮ್ಮಾ, ಇದರ ಜೊತೆ ಬೇರೆ ಏನಾದ್ರೂ ತಗೊಳ್ತೀರಾ?"

"ಇಲ್ಲ ಡಾಕ್ಟ್ರೇ, ಬೇರೆ ಮಾತ್ರೆ ಏನೂ ಇಲ್ಲ."

ಅವರು ಸುಳ್ಳು ಹೇಳಲಿಲ್ಲ. ಅವರ ಪ್ರಕಾರ ಅದು ಮಾತ್ರೆಯೇ ಅಲ್ಲ, ಜ್ಯೂಸು. ಪಕ್ಕದಲ್ಲಿ ಕೂತಿದ್ದ ನನಗೆ ಆ ಟ್ಯೂಬ್ ನೆನಪಾಗಿ ಹೇಳಿದೆ.

ಕ್ಯಾಲ್ಸಿಯಂ ಕರುಳಿನಲ್ಲಿ ಥೈರಾಯ್ಡ್ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್‌ಗಳಿಗೂ ಹೀಗೇ ಆಗುತ್ತದೆ. ಸೋಂಕು ವಾಸಿಯಾಗಲಿಲ್ಲ ಅಂತ ಔಷಧಿಯನ್ನು ಬೈದರೆ ಪ್ರಯೋಜನವಿಲ್ಲ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಬರೀ ನೀರಿನಲ್ಲೇ ನುಂಗಬೇಕು, ಅದಾಗಿ ಕಡೇಪಕ್ಷ ಅರ್ಧ ಗಂಟೆ ಬೇರೇನೂ ಕೂಡದು. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂನಿಂದ ದೂರ ಇಡಬೇಕು. ಇಲ್ಲೊಂದು ತಮಾಷೆ ಇದೆ. ಸಿ ಕಬ್ಬಿಣವನ್ನು ಒಳಗೆ ಎಳೆಯುತ್ತದೆ, ಕ್ಯಾಲ್ಸಿಯಂ ತಳ್ಳುತ್ತದೆ. ರಕ್ತಹೀನತೆಗೆ ಸಿ ಒಳ್ಳೇದು ಅಂತ ಕೇಳಿ ಈ ಜೋಡಿ ಮಾತ್ರೆಯ ಜೊತೆ ಕಬ್ಬಿಣ ನುಂಗಿದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತೆ. ಕಿಡ್ನಿ ದುರ್ಬಲ ಇರುವವರು ಅಲ್ಯುಮಿನಿಯಂ ಇರುವ ಆಂಟಾಸಿಡ್ ಜೊತೆ ಇದನ್ನು ಕುಡಿಯಲೇಬಾರದು. ನೊರೆಯ ಸಿಟ್ರಿಕ್ ಆಮ್ಲದಿಂದ ಬರುವ ಸಿಟ್ರೇಟ್, ಅಲ್ಯುಮಿನಿಯಂ ಅನ್ನು ರಕ್ತಕ್ಕೆ ದಾಟಿಸುತ್ತದೆ. ಹೃದಯಕ್ಕೆ ಡಿಜಾಕ್ಸಿನ್ ತಗೊಳ್ಳುವವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಶುರುಮಾಡಬಾರದು.

ಉಪ್ಪಿನ ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ನೊರೆಗೆ ಸೋಡಿಯಂ ಬೈಕಾರ್ಬೊನೇಟ್ ಬಳಸಿದ ಮಾತ್ರೆಯಲ್ಲಿ 250 ಮಿ.ಗ್ರಾಂ ಆಸುಪಾಸು ಸೋಡಿಯಂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಡೀ ದಿನಕ್ಕೆ 2000 ಮಿ.ಗ್ರಾಂ ಒಳಗಿರಬೇಕು. ಎರಡು ಗ್ಲಾಸಿಗೆ ಅದರ ಕಾಲು ಭಾಗ ಮುಗಿಯಿತು, ನಾಲಿಗೆಗೆ ಉಪ್ಪೇ ತಾಗದೆ! ಬ್ರಿಟನ್ನಿನ ಹನ್ನೆರಡು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ 2013ರ ಅಧ್ಯಯನದಲ್ಲಿ, ಸೋಡಿಯಂ ಇರುವ ನೊರೆ ಮಾತ್ರೆ, ಕರಗುವ ಮಾತ್ರೆಗಳನ್ನು ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳು ಶೇ. 16ರಷ್ಟು ಹೆಚ್ಚು ಕಂಡಿದ್ದವು. ಇದು ದಾಖಲೆ ನೋಡಿ ಹೇಳಿದ್ದೇ ಹೊರತು ಪ್ರಯೋಗವಲ್ಲ. ಆದರೂ ಬಿಪಿ ಇರುವವರು ನೊರೆ ಬಿಟ್ಟು ನುಂಗುವ ಮಾತ್ರೆ ಆರಿಸಿಕೊಳ್ಳುವುದು ಜಾಣತನ.

ಕ್ಯಾಲ್ಸಿಯಂ ಮಾತ್ರೆಯಿಂದಲೇ ಹೃದಯಾಘಾತ ಹೆಚ್ಚುತ್ತದಾ ಅನ್ನುವ ಜಗಳ 2010ರಿಂದ ನಡೆದೇ ಇದೆ. ಒಂದು ವಿಶ್ಲೇಷಣೆ ಹೌದು ಅಂದಿತು. ಮಿತಿಯೊಳಗಿದ್ದರೆ ಹಾಗೇನಿಲ್ಲ ಅಂತ ಅಮೆರಿಕದ ತಜ್ಞ ಸಂಸ್ಥೆಗಳು 2016ರಲ್ಲಿ ಹೇಳಿದವು. ನನಗೆ ತೋರುವುದು ಇಷ್ಟು: ಊಟದಿಂದಲೇ ಸಿಗುವಾಗ ಈ ಜಗಳದಲ್ಲಿ ನಾವ್ಯಾಕೆ ತಲೆಹಾಕಬೇಕು?

ಲ್ಯಾಬಿಗೆ ಹೋಗುವ ಮುಂಚೆಯೂ ಈ ಗ್ಲಾಸು ನೆನಪಿರಬೇಕು. ಜಾಸ್ತಿ ಸಿ ಇದ್ದರೆ ಮೂತ್ರದಲ್ಲಿ ಅದ್ದುವ ಪಟ್ಟಿಯ ಪರೀಕ್ಷೆಯಲ್ಲಿ ರಕ್ತ, ಸಕ್ಕರೆ ಇದ್ದರೂ ಇಲ್ಲ ಅಂತ ತೋರಿಸಬಹುದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಹಳೆಯ ಬಗೆಯ ಪರೀಕ್ಷೆಯೂ ಹಾಗೇ ತಪ್ಪುತ್ತದೆ. ಅದಕ್ಕೆ ಮೂರು ದಿನ ಮೊದಲೇ ಸಿ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಮನೆಯಲ್ಲಿ ಸಕ್ಕರೆ ನೋಡುವ ಕೆಲವು ಮೀಟರುಗಳು ರಕ್ತದಲ್ಲಿ ಸಿ ವಿಪರೀತ ಇದ್ದಾಗ ತಪ್ಪು ಅಂಕಿ ತೋರಿಸುತ್ತವೆ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆ ಇರುವವರಿಗೆ, ಮೈಯಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆ ಇರುವವರಿಗೆ ದೊಡ್ಡ ಡೋಸ್ ಸಿ ಬೇಡವೇ ಬೇಡ. ಮಕ್ಕಳ ಮಿತಿ ಬೇರೆ. ಒಂದರಿಂದ ಮೂರು ವರ್ಷದವರಿಗೆ ಸಿ 400 ಮಿ.ಗ್ರಾಂ ದಾಟಬಾರದು, ನಾಲ್ಕರಿಂದ ಎಂಟು ವರ್ಷದವರಿಗೆ 650. ದೊಡ್ಡವರ ಸಾವಿರದ ಮಾತ್ರೆಯಲ್ಲಿ ಅರ್ಧ ಮುರಿದು ಕೊಟ್ಟರೂ ಮೂರು ವರ್ಷದ ಮಗುವಿಗೆ ಅದು ಮಿತಿ ಮೀರಿದ್ದೇ.

ಚಿಕ್ಕಮ್ಮನ ವಿಷಯಕ್ಕೆ ಬಂದರೆ, ಡಾಕ್ಟರು ಅವರು ದಿನವಿಡೀ ಏನೇನು ತಿನ್ನುತ್ತಾರೆ ಅಂತ ಕೂತು ಬರೆಸಿದರು. ಕೂಡಿಸಿದರೆ ಕ್ಯಾಲ್ಸಿಯಂ ಎಂಟುನೂರರ ಹತ್ತಿರ ಬಂತು. ಸಿ ಊಟದಲ್ಲೇ ಸಾಕಷ್ಟಿತ್ತು. ಕೊರತೆ ಇದ್ದದ್ದು ಡಿ. ನೊರೆಯ ಮಾತ್ರೆ ನಿಂತಿತು. ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ ಮತ್ತು ಡಿ ಇರುವ ಸಣ್ಣ ಡೋಸಿನ ಮಾತ್ರೆ ಬಂತು. ಥೈರಾಯ್ಡ್ ಡೋಸ್ ನಿಧಾನಕ್ಕೆ ಹಳೆಯ ಮಟ್ಟಕ್ಕೆ ಇಳಿಯಿತು. ಚಿಕ್ಕಮ್ಮ ಮಾತ್ರ ಬರೀ ನೀರು ಸಪ್ಪೆ ಅಂತ ಈಗಲೂ ಗೊಣಗುತ್ತಾರೆ. ಖಾಲಿ ಟ್ಯೂಬಿನಲ್ಲಿ ಸೂಜಿ, ದಾರ ಇಟ್ಟುಕೊಂಡಿದ್ದಾರೆ.